ಪರ್ಷಿಯನ್ ಕಾವ್ಯದ ಹಳೆಯ ಸಚಿತ್ರ ಪುಸ್ತಕ ಕೊಳ್ಳುವುದಾದರೆ ಮೊದಲು ಚಿತ್ರ ಎಣಿಸಿ

ಚರ್ಮದ ಹೊದಿಕೆ, ಬೆನ್ನಿನ ಮೇಲೆ ಚಿನ್ನದ ಬಳ್ಳಿ, ಒಳಗೆ ಬಣ್ಣದ ಚಿತ್ರ. ಇಂಥ ಪುಸ್ತಕ ಸಿಕ್ಕಿದಾಗ ಎಲ್ಲರೂ ಮೊದಲು ಹೊದಿಕೆ ಸವರುತ್ತಾರೆ. ನೀವು ಮೊದಲು ಚಿತ್ರ ಎಣಿಸಿ. ಹೊದಿಕೆ ಹಾಳಾದರೆ ಹೊಸದು ಮಾಡಿಸಬಹುದು, ಯಾರೋ ಬ್ಲೇಡಿನಲ್ಲಿ ಕೊಯ್ದು ಫ್ರೇಮ್ ಹಾಕಿಸಿಕೊಂಡ ಚಿತ್ರ ಮಾತ್ರ ವಾಪಸ್ ಬರುವುದಿಲ್ಲ.

ಹೊಸಬರು ಉಮರ್ ಖಯ್ಯಾಮನಿಂದ ಶುರು ಮಾಡಿ. ಅವನ ಪದ್ಯಗಳನ್ನು ಡಿವಿಜಿಯವರು ಕನ್ನಡಕ್ಕೆ ತಂದ ‘ಉಮರನ ಒಸಗೆ’ ಓದಿದ್ದರೆ ಯಾವ ಚಿತ್ರ ಯಾವ ಪದ್ಯದ್ದು ಎಂದು ನೋಡಿದ ಕೂಡಲೇ ಹೊಳೆಯುತ್ತದೆ, ಆ ಖುಷಿಯೇ ಬೇರೆ. ಫಿಟ್ಜ್‌ಜೆರಾಲ್ಡ್ ಮಾಡಿದ ಇಂಗ್ಲಿಷ್ ಅನುವಾದ 1859ರಲ್ಲಿ ಅಚ್ಚಾದದ್ದು ಬರೀ 250 ಪ್ರತಿ. ಅದು ನಮ್ಮಂಥವರ ಕೈಗೆ ಎಟುಕುವುದಿಲ್ಲ, ಚಿತ್ರವೂ ಅದರಲ್ಲಿಲ್ಲ. ಹುಡುಕಬೇಕಾದ್ದು 1884ರ ಎಲಿಹು ವೆಡರ್ ಚಿತ್ರಗಳ ಆವೃತ್ತಿ, ಇಲ್ಲವೇ 1909ರ ಎಡ್ಮಂಡ್ ಡುಲಾಕ್ ಆವೃತ್ತಿ. ಡುಲಾಕ್‌ನದರಲ್ಲಿ 20 ಬಣ್ಣದ ಚಿತ್ರಗಳಿವೆ, ಒಂದೊಂದನ್ನೂ ಬೇರೆ ಹಾಳೆಯ ಮೇಲೆ ಅಂಚಿಗೆ ಮಾತ್ರ ಅಂಟು ಹಚ್ಚಿ ಕೂರಿಸಿದ್ದಾರೆ, ಹಾಗಾಗಿ ತಾನಾಗಿ ಉದುರುವುದೂ ಯಾರಾದರೂ ಕಿತ್ತುಕೊಳ್ಳುವುದೂ ಸುಲಭ. ಫೋಟೊ ನೋಡಿ ಕೊಳ್ಳುವುದಾದರೆ ಎಲ್ಲ 20ರ ಫೋಟೊ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಪರ್ಷಿಯನ್ ಲಿಪಿಯದೇ ಬೇಕು ಎನ್ನುವವರಿಗೆ ನಮ್ಮ ದೇಶದಲ್ಲೇ ಅಚ್ಚಾದ ಪುಸ್ತಕಗಳಿವೆ. ಲಕ್ನೋದ ನವಲ್ ಕಿಶೋರ್ ಪ್ರೆಸ್ಸಿನಲ್ಲಿ, ಮುಂಬಯಿಯ ಪ್ರೆಸ್ಸುಗಳಲ್ಲಿ 19ನೇ ಶತಮಾನದಲ್ಲಿ ಫಿರ್ದೌಸಿ, ಸಾದಿ, ಹಾಫಿಜ್ ಮೊದಲಾದ ಪರ್ಷಿಯನ್ ಕವಿಗಳೆಲ್ಲ ಕಲ್ಲಚ್ಚಿನಲ್ಲಿ ಬಂದರು. ನಮ್ಮ ಬಾಸೆಲ್ ಮಿಷನ್‌ನವರು 1843ರಲ್ಲಿ ‘ಮಂಗಳೂರ ಸಮಾಚಾರ’ ತೆಗೆದದ್ದೂ ಕಲ್ಲಚ್ಚಿನಲ್ಲೇ. ಅಚ್ಚುಮೊಳೆ ಇಲ್ಲ, ಕೈಬರಹವೇ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತದೆ.

ಲಿಪಿ ಓದಲು ಬರದವರೂ ಇಲ್ಲಿ ಒಂದು ಪರೀಕ್ಷೆ ಮಾಡಬಹುದು. ಪುಸ್ತಕ ಬಲದಿಂದ ಎಡಕ್ಕೆ ಸಾಗುತ್ತದೆ ಅಲ್ವಾ, ತೆರೆದಾಗ ಬಲಗಡೆ ಪುಟದ ಕೆಳಗೆ ಎಡಮೂಲೆಯಲ್ಲಿ ಒಂಟಿಯಾಗಿ ಒಂದು ಪದ ಕಾಣುತ್ತದೆ, ಎಷ್ಟೋ ಸಲ ಓರೆಯಾಗಿ ಬರೆದಿರುತ್ತಾರೆ. ಎದುರು ಪುಟ ಶುರುವಾಗುವುದು ಅದೇ ಪದದಿಂದ. ಆಕಾರ ನೋಡಿ ಹೋಲಿಸಿದರೆ ಸಾಕು. ಎರಡೂ ಬೇರೆಯಾಗಿದ್ದರೆ ನಡುವಿನ ಹಾಳೆ ಹೋಗಿದೆ, ಚಿತ್ರವಿದ್ದ ಹಾಳೆಯೇ ಹೋಗಿರುವ ಸಾಧ್ಯತೆ ಜಾಸ್ತಿ. ಕೊನೆಯ ಪುಟದಲ್ಲಿ ಹಿಜರಿ ಇಸವಿ ಇದ್ದರೆ, 1300 ಅಂದರೆ ನಮ್ಮ 1882-83 ಎಂದು ಅಂದಾಜು ಹಿಡಿಯಿರಿ. ಬಿಡಿ ಹಾಳೆಗಳನ್ನು ಮಾತ್ರ ಕೊಳ್ಳಬೇಡಿ. ಹಳೆಯ ಬರಹದ ಮೇಲೆ ಹೊಸ ಚಿತ್ರ ಬರೆದು ಮಾರುವವರಿದ್ದಾರೆ, ಮೇಲಾಗಿ ಒಂದೊಂದು ಬಿಡಿ ಹಾಳೆಯ ಹಿಂದೆ ಒಂದು ಹರಿದ ಪುಸ್ತಕ ಇರುತ್ತದೆ.

ಈಗ ಹೊದಿಕೆಗೆ ಬನ್ನಿ. ರಟ್ಟಿನ ಒಳಬದಿಯಲ್ಲಿ, ಮಡಚಿದ ಚರ್ಮದ ಕೆಳ ಅಂಚಿನಲ್ಲಿ, ಅಕ್ಕಿಕಾಳಿಗಿಂತ ಸಣ್ಣ ಅಕ್ಷರದಲ್ಲಿ ಬೈಂಡರನ ಹೆಸರು ಇರಬಹುದು. ಅಲ್ಲಿ ಲಂಡನ್ನಿನ ಹೆಸರಾಂತ ಬೈಂಡರುಗಳಾದ ‘ಸ್ಯಾಂಗೋರ್ಸ್ಕಿ ಅಂಡ್ ಸಟ್‌ಕ್ಲಿಫ್’ ಎಂದು ಕಂಡರೆ ಬೆಲೆ ಏಕೆ ಏರಿದೆ ಎಂದು ತಿಳಿಯುತ್ತದೆ. ಸಾವಿರಕ್ಕೂ ಹೆಚ್ಚು ಹರಳು ಕೂರಿಸಿ ಅವರು ಕಟ್ಟಿದ ಖಯ್ಯಾಮನ ಪ್ರತಿ 1912ರಲ್ಲಿ ಟೈಟಾನಿಕ್ ಜೊತೆ ಮುಳುಗಿತು. ಆಮೇಲೆ ಬೆನ್ನಿನ ಚರ್ಮವನ್ನು ಬೆರಳಿಂದ ಮೆಲ್ಲಗೆ ಒರೆಸಿ. ಇಟ್ಟಿಗೆ ಪುಡಿಯಂಥ ಕೆಂಪು ಧೂಳು ಹತ್ತಿದರೆ ಚರ್ಮ ಸತ್ತಿದೆ, ಅದು ಗುಣವಾಗುವುದಿಲ್ಲ.

ನನ್ನ ಒಂದು ಪ್ರತಿಯ ಹೊಲಿಗೆ ಸಡಿಲವಾಗಿತ್ತು ಎಂದು ಊರಲ್ಲೇ ಒಂದು ಕಡೆ ಬೈಂಡಿಂಗಿಗೆ ಕೊಟ್ಟೆ. ನೀಟಾಗಲಿ ಎಂದು ಮೂರೂ ಅಂಚು ಕತ್ತರಿಸಿಬಿಟ್ಟರು. ಚಿನ್ನದ ಅಂಚು ಪೂರ್ತಿ ಹೋಯಿತು, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ‘ಅಂಚು ಕತ್ತರಿಸಬೇಡಿ’ ಎಂದು ಚೀಟಿ ಬರೆದು ಪುಸ್ತಕದೊಳಗೇ ಇಟ್ಟು ಕೊಡಿ.

ಇನ್ನು ನಮ್ಮ ಕರಾವಳಿಯ ಮಳೆ. ಆಟಿಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿದು, ಪುಸ್ತಕದ ಚರ್ಮವನ್ನು ಬಿಡುತ್ತದಾ? ಕಪಾಟನ್ನು ಮಳೆ ಹೊಡೆಯುವ ಗೋಡೆಗೆ ತಾಗಿಸಬೇಡಿ, ಒಳಗೋಡೆಯ ಬದಿಯಲ್ಲಿ ನಾಲ್ಕು ಬೆರಳು ಜಾಗ ಬಿಟ್ಟು ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿಯುತ್ತದೆ. ತೇವ ತೋರಿಸುವ ಸಣ್ಣ ಮೀಟರ್ ತಂದಿಡಿ, ಶೇ 60 ದಾಟಿದರೆ ತೇವ ಹೀರುವ ಯಂತ್ರ, ಅಂದರೆ ಡಿಹ್ಯುಮಿಡಿಫೈಯರ್ ಹಾಕಿ. ಸಿಲಿಕಾ ಜೆಲ್ ಬಣ್ಣ ಬದಲಾದ ಮೇಲೆ ಸುಮ್ನೆ ಕೂತಿರುತ್ತದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬೇಕು.

ಬೂಷ್ಟು ಕಂಡರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ತೆಂಗಿನೆಣ್ಣೆಯನ್ನಂತೂ ಹಚ್ಚಲೇಬೇಡಿ. ಹಪ್ಪಳದ ಹಾಗೆ ಬಿಸಿಲಿಗೆ ಹರಡಿದರೆ ರಟ್ಟು ಸೊಟ್ಟಗಾಗುತ್ತದೆ. ಆ ಪುಸ್ತಕವನ್ನು ಬೇರೆಯವುಗಳಿಂದ ದೂರ ಇಟ್ಟು, ಗಾಳಿಯಾಡುವ ನೆರಳಲ್ಲಿ ಒಣಗಲು ಬಿಡಿ. ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆ ಬ್ರಷ್‌ನಲ್ಲಿ ಬೆನ್ನಿನಿಂದ ಅಂಚಿನ ಕಡೆಗೆ ಗುಡಿಸಿ.