ಜಾಂಥೇಟ್ ನೀರಿಗೆ ಫೆಂಟನ್: ಆಮ್ಲ ಹಾಕುವ ಮುನ್ನ

ತಾಮ್ರದ ಸಲ್ಫೈಡ್ ಅದಿರನ್ನು ನೊರೆಯಲ್ಲಿ ತೇಲಿಸುವ ಫ್ಲೊಟೇಶನ್‌ನಲ್ಲಿ ಬೇರ್ಪಡಿಸುವ ಕಡೆ, ಅಂದರೆ ರಾಜಸ್ಥಾನದ ಖೇತ್ರಿ, ಮಧ್ಯಪ್ರದೇಶದ ಮಲಾಂಜ್‌ಖಂಡ್, ಹಿಂದೊಮ್ಮೆ ನಮ್ಮ ಚಿತ್ರದುರ್ಗದ ಇಂಗಳದಾಳ್‌ನಂಥ ಗಣಿಗಳಲ್ಲಿ, ಥಿಕನರ್ (ಕೆಸರು ತಳಕ್ಕೆ ಕೂರಿಸುವ ತೊಟ್ಟಿ) ಮೇಲಿಂದ ಹರಿಯುವ ನೀರಲ್ಲಿ ಉಳಿಯುವ ಮುಖ್ಯ ರಾಸಾಯನಿಕ ಜಾಂಥೇಟ್, ಅಂದರೆ ಅದಿರಿನ ಕಣ ಗುಳ್ಳೆಗೆ ಅಂಟಲೆಂದು ಹಾಕುವ ಗಂಧಕದ ಸಂಯುಕ್ತ. ಅದರ ಜೊತೆಗೆ ನೊರೆ ಬರಿಸಲು ಹಾಕಿದ ಎಣ್ಣೆ, ಅದಿರು ಅರೆಯುವಾಗ ಹುಟ್ಟುವ ಥಯೊಸಲ್ಫೇಟ್, ಸುಣ್ಣದಿಂದ ಬಂದ ಕ್ಷಾರ. ಈ ನೀರನ್ನು ಆದಷ್ಟು ಗಿರಣಿಗೇ ವಾಪಸ್ ಕಳಿಸಬೇಕು. ಬೇಲಿ ದಾಟಿ ಹೋಗಲೇಬೇಕಾದ ಪಾಲಿಗೆ ಮಾತ್ರ, ಈ ರಾಸಾಯನಿಕಗಳನ್ನು ಒಡೆಯುವ ಫೆಂಟನ್ ವಿಧಾನಕ್ಕೆ ಖರ್ಚು ಮಾಡುವುದು ನನ್ನ ಲೆಕ್ಕ. ಒಳನಾಡಿನ ಜಲಮೂಲಕ್ಕೆ ಬಿಡುವ ನೀರಿಗೆ 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿ ಹೀಗಿದೆ: ಸಿಒಡಿ (ನೀರಿನ ಕಶ್ಮಲ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕ) ಲೀಟರಿಗೆ 250 ಮಿಲಿಗ್ರಾಂ, ಕಬ್ಬಿಣ 3 ಮಿಲಿಗ್ರಾಂ, ಪಿಎಚ್ 5.5ರಿಂದ 9.

ಫೆಂಟನ್ ಎಂದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಫೆರಸ್ ಕಬ್ಬಿಣ. ಎರಡೂ ಸೇರಿದಾಗ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಸಿಕ್ಕಿದ್ದನ್ನೆಲ್ಲ ಉತ್ಕರ್ಷಿಸುತ್ತದೆ. ಇದಕ್ಕೆ ಪಿಎಚ್ 3ರ ಆಸುಪಾಸು ಬೇಕು. 4 ದಾಟಿದರೆ ಕಬ್ಬಿಣ ಗಸಿಯಾಗಿ ಕೂರುತ್ತದೆ, ಪೆರಾಕ್ಸೈಡ್ ಸುಮ್ಮನೆ ಆಮ್ಲಜನಕವಾಗಿ ಹಾರಿಹೋಗುತ್ತದೆ.

ತೊಡಕು ಶುರುವಾಗುವುದೂ ಇಲ್ಲೇ. ಜಾಂಥೇಟಿಗೆ ಆಮ್ಲ ಆಗದು. ಪಿಎಚ್ 3ಕ್ಕೆ ಇಳಿಸಿದ ಕೆಲವೇ ನಿಮಿಷಗಳಲ್ಲಿ ಅದು ತಾನಾಗಿ ಒಡೆದು ಕಾರ್ಬನ್ ಡೈಸಲ್ಫೈಡ್ ಮತ್ತು ಆಲ್ಕೋಹಾಲ್ ಆಗುತ್ತದೆ. ಜಾಂಥೇಟ್ ಅಳೆಯುವುದು ಅದು ಬೆಳಕು ಹೀರುವ 301 ನ್ಯಾನೊಮೀಟರಿನ ಶಿಖರದಲ್ಲಿ. ಆ ಶಿಖರ ಮಾಯವಾದದ್ದನ್ನು ಕಂಡು ‘ನೂರಕ್ಕೆ ನೂರು ನಿವಾರಣೆ’ ಎಂದು ಬರೆದ ವರದಿಗಳಿಗೆ ಕೊರತೆಯಿಲ್ಲ. ಹೋದದ್ದು ಜಾಂಥೇಟ್ ನಿಜ, ಆದರೆ ಅದನ್ನು ಒಡೆದದ್ದು ಆಮ್ಲ. ಅದರ ಗಂಧಕ ಇನ್ನೂ ನೀರಲ್ಲಿದೆ, ಇಲ್ಲವೇ ನಿಮ್ಮ ಮೂಗಿನ ಹತ್ತಿರ ಇದೆ. ಲೀಟರಿಗೆ 50 ಮಿಲಿಗ್ರಾಂ ಪೊಟ್ಯಾಸಿಯಂ ಈಥೈಲ್ ಜಾಂಥೇಟ್ ಪೂರ್ತಿ ಹೀಗೆ ಒಡೆದರೆ ಸುಮಾರು 24 ಮಿಲಿಗ್ರಾಂ ಕಾರ್ಬನ್ ಡೈಸಲ್ಫೈಡ್. ಅದರ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ, ತಗ್ಗಿನಲ್ಲಿ ನಿಲ್ಲುತ್ತದೆ, ನರಕ್ಕೆ ವಿಷ. ಕಿಡಿಯಿಲ್ಲದೆಯೇ ಸುಮಾರು 90 ಡಿಗ್ರಿಯಲ್ಲಿ ಹೊತ್ತಿಕೊಳ್ಳಬಲ್ಲದು. ಅಂದರೆ ಬಿಸಿ ಉಗಿಯ ಪೈಪು ಸಾಕು.

ಹಾಗಾಗಿ ನನ್ನ ಜಾರ್ ಟೆಸ್ಟ್ (ಸಣ್ಣ ಪಾತ್ರೆಯಲ್ಲಿ ಮೊದಲು ಮಾಡಿ ನೋಡುವ ಪ್ರಯೋಗ) ಯಾವತ್ತೂ ಒಂದೇ ಜಾರಿನದಲ್ಲ. ಆಮ್ಲ ಮಾತ್ರ ಒಂದರಲ್ಲಿ, ಆಮ್ಲ ಮತ್ತು ಕಬ್ಬಿಣ ಇನ್ನೊಂದರಲ್ಲಿ, ಆಮ್ಲ ಮತ್ತು ಪೆರಾಕ್ಸೈಡ್ ಮೂರನೆಯದರಲ್ಲಿ, ಎಲ್ಲವೂ ಸೇರಿ ನಾಲ್ಕನೆಯದರಲ್ಲಿ. ನಾಲ್ಕೂ ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೆ. ಆಮ್ಲ ಮಾತ್ರ ಹಾಕಿದ ಬಾಟಲಿಯನ್ನು ಅಂಚಿನವರೆಗೆ ತುಂಬಿಸಿ ಮುಚ್ಚಳ ಬಿಗಿಯಬೇಕು. 206 ನ್ಯಾನೊಮೀಟರಿನಲ್ಲಿ ಏಳುವ ಶಿಖರ ಕಾರ್ಬನ್ ಡೈಸಲ್ಫೈಡಿನದು. ಪೆರಾಕ್ಸೈಡ್ ಇರುವ ಬಾಟಲಿಗಳಲ್ಲಿ ಈ ಓದು ನಂಬಲಾಗದು, ಪೆರಾಕ್ಸೈಡ್ ತಾನೇ ಅಲ್ಲಿ ಬೆಳಕು ಹೀರುತ್ತದೆ. ಆ ಬಾಟಲಿಗಳನ್ನು ಗಟ್ಟಿಯಾಗಿ ಮುಚ್ಚಲೂಬಾರದು, ಅನಿಲ ಸೇರಿ ಒಡೆಯುತ್ತವೆ. ನಾಲ್ಕನೆಯ ಜಾರಿನ ಫಲಿತಾಂಶದಿಂದ ಮೊದಲಿನದನ್ನು ಕಳೆದ ಮೇಲೆ ಉಳಿಯುವುದಷ್ಟೇ ಫೆಂಟನ್ನಿನ ಗಳಿಕೆ. ಸಲ್ಫೇಟ್ ಅಳೆದು ಸಾಬೀತು ಮಾಡೋಣವೆಂದರೆ ಗಂಧಕಾಮ್ಲ, ಅನ್ನಭೇದಿ (ಫೆರಸ್ ಸಲ್ಫೇಟ್) ಎರಡನ್ನೂ ಸುರಿದು ಸಲ್ಫೇಟ್ ಸೇರಿಸಿದವರು ನಾವೇ!

ಇನ್ನು ಪ್ರಮಾಣ. 1 ಗ್ರಾಂ ಪೊಟ್ಯಾಸಿಯಂ ಈಥೈಲ್ ಜಾಂಥೇಟ್ ಇಂಗಾಲದ ಡೈಆಕ್ಸೈಡ್ ಮತ್ತು ಸಲ್ಫೇಟ್ ಆಗುವ ತನಕ ಸುಡಲು ಲೆಕ್ಕದ ಪ್ರಕಾರ 3 ಗ್ರಾಂ ಪೆರಾಕ್ಸೈಡ್ ಬೇಕು. ಥಯೊಸಲ್ಫೇಟ್ ಇದ್ದರೆ ಅದರ ಪ್ರತಿ ಗ್ರಾಮಿಗೆ 1.2 ಗ್ರಾಂ ಹೆಚ್ಚುವರಿ. ಜಾಂಥೇಟಿನ ಲೆಕ್ಕ ಮಾತ್ರ ಹಿಡಿದು ಹೊರಟವರಿಗೆ ಪೆರಾಕ್ಸೈಡ್ ಸಾಲದೇ ಬರುವುದು ಈ ಥಯೊಸಲ್ಫೇಟಿನ ದೆಸೆಯಿಂದ. ಆಮ್ಲ ಹಾಕಿದಾಗ ನೀರು ಹಾಲಿನಂತೆ ಬೆಳ್ಳಗಾದರೆ ಅದು ಥಯೊಸಲ್ಫೇಟ್ ಒಡೆದು ಹೊರಬಿದ್ದ ಗಂಧಕ ಎಂದು ತಿಳಿಯಿರಿ. ಇದಕ್ಕಿಂತ ಸಿಒಡಿ ಅಳೆದು, ಪ್ರತಿ ಗ್ರಾಂ ಸಿಒಡಿಗೆ 2.1 ಗ್ರಾಂ ಪೆರಾಕ್ಸೈಡ್ ಎಂದು ಶುರುಮಾಡುವುದು ಒಳ್ಳೆಯದು. ಅದರ ಅರ್ಧ, ಪೂರ್ತಿ, ಒಂದೂವರೆ ಪಟ್ಟು, ಹೀಗೆ ಮೂರು ಪ್ರಮಾಣ ನೋಡಿದರೆ ಸಾಮಾನ್ಯವಾಗಿ ದಾರಿ ತಿಳಿಯುತ್ತದೆ. ಕಬ್ಬಿಣ ತೂಕದಲ್ಲಿ ಪೆರಾಕ್ಸೈಡಿನ ಐದರಲ್ಲೊಂದು ಭಾಗದಿಂದ ಹತ್ತರಲ್ಲೊಂದು ಭಾಗ.

ಕೈಗೆ ಸುಲಭವಾಗಲು ದ್ರಾವಣ ಮೊದಲೇ ಮಾಡಿಕೊಳ್ಳುತ್ತೇನೆ. 50 ಗ್ರಾಂ ಅನ್ನಭೇದಿಯನ್ನು ಗಂಧಕಾಮ್ಲದಿಂದ ಪಿಎಚ್ 2ಕ್ಕಿಂತ ಕೆಳಗಿಳಿಸಿದ ನೀರಲ್ಲಿ ಕರಗಿಸಿ 1 ಲೀಟರ್ ಮಾಡಿದರೆ, ಪ್ರತಿ ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಕಬ್ಬಿಣ. ಇದನ್ನು ಅಂದಂದೇ ಮಾಡಬೇಕು. ತಿಳಿ ಹಸಿರು ಹಳದಿಗೆ ತಿರುಗಿದರೆ ಚೆಲ್ಲಬೇಕು, ಫೆರಸ್ ಹೋಗಿ ಫೆರಿಕ್ ಆಗಿದೆ. 30 ಪರ್ಸೆಂಟ್ ಪೆರಾಕ್ಸೈಡನ್ನು ಹತ್ತು ಪಟ್ಟು ತೆಳುಮಾಡಿದರೆ ಮಿಲಿಲೀಟರಿಗೆ 33 ಮಿಲಿಗ್ರಾಂ. 50 ಮಿಲಿಗ್ರಾಂ ಜಾಂಥೇಟ್ ಮಾತ್ರ ಇರುವ 1 ಲೀಟರ್ ನೀರಿಗೆ ಇದು 4.5 ಮಿಲಿಲೀಟರ್, ಕಬ್ಬಿಣದ ದ್ರಾವಣ 3 ಮಿಲಿಲೀಟರ್.

ಪುಸ್ತಕದ ಕ್ರಮ ಎಂದರೆ ಮೊದಲು ಆಮ್ಲ, ಆಮೇಲೆ ಕಬ್ಬಿಣ, ಕೊನೆಗೆ ಪೆರಾಕ್ಸೈಡ್. ಈ ನೀರಿಗೆ ನಾನು ಅದನ್ನು ತಿರುಗಿಸುತ್ತೇನೆ. ಕ್ಷಾರ ಇರುವಾಗಲೇ ಪೈಪಿನೊಳಗೆ ಮೂರರಲ್ಲೊಂದು ಪಾಲು ಪೆರಾಕ್ಸೈಡ್. ಆಗ ಜಾಂಥೇಟಿನ ಒಂದಷ್ಟು ಭಾಗ ಪರ್‌ಜಾಂಥೇಟ್ ಆಗುತ್ತದೆ, ಅದರ ಶಿಖರ 348 ನ್ಯಾನೊಮೀಟರಿನಲ್ಲಿ ಕಾಣುತ್ತದೆ. ನಂತರ ಮುಚ್ಚಿದ, ಕಲಕುವ ತೊಟ್ಟಿಯಲ್ಲಿ ಆಮ್ಲವನ್ನೂ ಅನ್ನಭೇದಿ ದ್ರಾವಣವನ್ನೂ ಒಟ್ಟಿಗೇ ಬಿಟ್ಟು ಪಿಎಚ್ 3ರಿಂದ 3.5ಕ್ಕೆ ತರುವುದು, ಉಳಿದ ಪೆರಾಕ್ಸೈಡನ್ನು 20 ನಿಮಿಷದಲ್ಲಿ ಸ್ವಲ್ಪಸ್ವಲ್ಪವೇ ಬಿಡುವುದು. ಒಮ್ಮೆಲೇ ಸುರಿದರೆ ಪೆರಾಕ್ಸೈಡೇ ರ‍್ಯಾಡಿಕಲ್‌ಗಳನ್ನು ನುಂಗಿಹಾಕುತ್ತದೆ. ಹೀಗೆ ಮಾಡಿದರೆ ಕಾರ್ಬನ್ ಡೈಸಲ್ಫೈಡ್ ಕಡಿಮೆಯಾಗುತ್ತದೆಯೇ ಹೊರತು ಸೊನ್ನೆಯಾಗುವುದಿಲ್ಲ. ತೊಟ್ಟಿಯ ಮೇಲಿನ ಗಾಳಿಯನ್ನು ಎಳೆದು ಸಕ್ರಿಯ ಇಂಗಾಲದ ಮೂಲಕ ಬಿಡಲೇಬೇಕು, ಫ್ಯಾನಿನ ಮೋಟಾರ್ ಕಿಡಿ ಹಾರದ ಜಾತಿಯದಾಗಿರಬೇಕು. ನೊರೆ ಎಣ್ಣೆ ಇರುವುದರಿಂದ ತೊಟ್ಟಿಯ ಕಾಲು ಭಾಗ ಖಾಲಿ ಬಿಡಿ. ಇಲ್ಲವಾದರೆ ನೊರೆ ಆ ಇಂಗಾಲದೊಳಗೇ ಹೋಗಿ ಕೂರುತ್ತದೆ.

ಒಂದು ಗಂಟೆಯ ನಂತರ ಪಿಎಚ್ 8ಕ್ಕೆ ಏರಿಸಬೇಕು. ಸುಣ್ಣ ಅಗ್ಗ, ಗಸಿ ಚೆನ್ನಾಗಿ ಕೂರುತ್ತದೆ, ಆದರೆ ಗಂಧಕಾಮ್ಲದ ಜೊತೆ ಸೇರಿ ಜಿಪ್ಸಮ್ ಆಗಿ ಪೈಪಿನಲ್ಲಿ ಪದರ ಕಟ್ಟುತ್ತದೆ. ಕಾಸ್ಟಿಕ್ ಹಾಕಿದರೆ ಆ ಕಾಟವಿಲ್ಲ, ದುಡ್ಡು ಜಾಸ್ತಿ. ಕೂರಬೇಕಾದ ಗಸಿ ಮೇಲೆ ತೇಲಿಬಂದರೆ ಹೆಚ್ಚಿನವರು ಗಸಿ ಕೂರಿಸಲು ಹಾಕುವ ಪಾಲಿಮರ್ ಬದಲಾಯಿಸುತ್ತಾರೆ. ತಪ್ಪು ಪಾಲಿಮರಿನದಲ್ಲ, ಉಳಿದ ಪೆರಾಕ್ಸೈಡಿನದು. ಅದರಿಂದ ಹುಟ್ಟುವ ಆಮ್ಲಜನಕದ ಗುಳ್ಳೆ ಗಸಿಯನ್ನು ಎತ್ತುತ್ತದೆ. ಪಾಲಿಮರಿಗೆ ಮುನ್ನ ಅರ್ಧ ಗಂಟೆ ಕಲಕುತ್ತ ಬಿಡಿ, ಇಲ್ಲವೇ 1 ಗ್ರಾಂ ಪೆರಾಕ್ಸೈಡಿಗೆ 3.7 ಗ್ರಾಂ ಸೋಡಿಯಂ ಸಲ್ಫೈಟ್ ಹಾಕಿ.

ಅಳತೆಯಲ್ಲೂ ಇದೇ ಪೆರಾಕ್ಸೈಡ್ ಕಾಡುತ್ತದೆ. ಲೀಟರಿನಲ್ಲಿ ಉಳಿದ 100 ಮಿಲಿಗ್ರಾಂ ಪೆರಾಕ್ಸೈಡ್ ಸಿಒಡಿಯನ್ನು ಸುಮಾರು 47 ಮಿಲಿಗ್ರಾಂ ಹೆಚ್ಚಿಸಿ ತೋರಿಸುತ್ತದೆ. ಸಲ್ಫೈಟ್ ಜಾಸ್ತಿ ಬಿದ್ದರೂ ಅಷ್ಟೇ, ಅದೂ ಸಿಒಡಿಯೇ. ಪರೀಕ್ಷಾ ಪಟ್ಟಿಯಿಂದ ಪೆರಾಕ್ಸೈಡ್ ಸೊನ್ನೆ ಎಂದು ಖಾತ್ರಿಯಾದ ಮೇಲೇ ಸ್ಯಾಂಪಲ್ ಕೊಡಿ. ಫೆರಿಕ್ ಕಬ್ಬಿಣ 300 ನ್ಯಾನೊಮೀಟರಿನ ಹತ್ತಿರ ಬೆಳಕು ಹೀರುವುದರಿಂದ, 301ರ ಓದಿಗೆ ಮುನ್ನ ಪಿಎಚ್ ಏರಿಸಿ 0.45 ಮೈಕ್ರಾನಿನಲ್ಲಿ ಸೋಸಬೇಕು. ಇಲ್ಲವಾದರೆ ಇಲ್ಲದ ಜಾಂಥೇಟ್ ಇದ್ದಂತೆ ಕಾಣುತ್ತದೆ.

ಅದಿರಿನಲ್ಲಿರುವ ಪೈರೈಟ್ (ಕಬ್ಬಿಣದ ಸಲ್ಫೈಡ್) ತೇಲದಂತೆ ತಡೆಯಲು ಸೋಡಿಯಂ ಸೈನೈಡ್ ಹಾಕುವ ಗಿರಣಿಯಾದರೆ ಮೇಲಿನ ಕ್ರಮಕ್ಕೆ ಕೈ ಹಾಕಬೇಡಿ. ಆಮ್ಲ ಬಿದ್ದ ಕ್ಷಣ ಹೈಡ್ರೋಜನ್ ಸೈನೈಡ್ ಏಳುತ್ತದೆ. ಚಿನ್ನದ ಗಿರಣಿಯ ನೀರಿಗೂ ಇದೇ ಮಾತು. ಅಲ್ಲಿ ಮೊದಲು ಪಿಎಚ್ 9ರಿಂದ 9.5ರಲ್ಲೇ, ಒಂದಿಷ್ಟು ತಾಮ್ರದ ಸಲ್ಫೇಟ್ ಜೊತೆ ಪೆರಾಕ್ಸೈಡ್ ಹಾಕಿ ಸೈನೈಡನ್ನು ಸಯನೇಟ್ ಮಾಡಬೇಕು. ಲೆಕ್ಕಕ್ಕೆ 1 ಗ್ರಾಂ ಸೈನೈಡಿಗೆ 1.31 ಗ್ರಾಂ ಪೆರಾಕ್ಸೈಡ್, ವಾಸ್ತವದಲ್ಲಿ ಅದರ ಹಲವು ಪಟ್ಟು. ಕಬ್ಬಿಣಕ್ಕೆ ಅಂಟಿಕೊಂಡ ಸೈನೈಡ್ ಇದರಿಂದಲೂ ಒಡೆಯುವುದಿಲ್ಲ.

ಪೆರಾಕ್ಸೈಡ್ ಡ್ರಮ್ಮನ್ನು ನೆರಳಿನಲ್ಲಿ, ಗಾಳಿಯಾಡುವ ಮುಚ್ಚಳದಲ್ಲಿ ಇಡಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಪರ್ಮ್ಯಾಂಗನೇಟಿನಿಂದ ಶಕ್ತಿ ನೋಡಿ. 0.1 ನಾರ್ಮಲ್ ದ್ರಾವಣದ ಪ್ರತಿ ಮಿಲಿಲೀಟರಿಗೆ 1.7 ಮಿಲಿಗ್ರಾಂ ಪೆರಾಕ್ಸೈಡ್. ಹೊರತೆಗೆದದ್ದನ್ನು ವಾಪಸ್ ಸುರಿಯಬಾರದು. ಪಂಪಿನ ಸಾಲಿನಲ್ಲಿ ಎರಡು ಬಾಲ್ ವಾಲ್ವ್ ಮುಚ್ಚಿ ನಡುವೆ ಪೆರಾಕ್ಸೈಡ್ ಸಿಕ್ಕಿಕೊಂಡರೆ ಒತ್ತಡ ಏರಿ ಪೈಪು ಸಿಡಿಯುತ್ತದೆ, ಅಲ್ಲಿಗೆ ರಂಧ್ರವಿರುವ ವಾಲ್ವೇ ಬೇಕೆಂದು ಹೇಳಿ ತರಿಸಿ.