ವಾಣಿಜ್ಯವಾದವನ್ನೂ ಬಂಡವಾಳಶಾಹಿಯನ್ನೂ ಹೋಲಿಸುವುದು ಹೇಗೆ?

ಈ ಎರಡನ್ನು ಹೋಲಿಸಲು ಹೊರಟವರು ಸಾಮಾನ್ಯವಾಗಿ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಮಾರುಕಟ್ಟೆ ಎಂದು ಗೆರೆ ಎಳೆದುಬಿಡುತ್ತಾರೆ. ಹಾಗೆ ಮಾಡಬೇಡಿ. ಮೊದಲು ಕೇಳಬೇಕಾದದ್ದು, ಸಂಪತ್ತು ಎಂದರೆ ಏನೆಂದು ಆಯಾ ವ್ಯವಸ್ಥೆ ತಿಳಿದಿತ್ತು ಎಂಬುದನ್ನು.

16ರಿಂದ 18ನೇ ಶತಮಾನದವರೆಗೆ ಯುರೋಪಿನ ಅರಸರನ್ನು ನಡೆಸಿದ ವಾಣಿಜ್ಯವಾದ ದೇಶದ ಬಲವನ್ನು ಬಹುಮಟ್ಟಿಗೆ ಚಿನ್ನ ಬೆಳ್ಳಿಯಲ್ಲಿ ಅಳೆಯುತ್ತಿತ್ತು. ಗಣಿಗಳಿಲ್ಲದ ದೇಶ ಅವನ್ನು ಗಳಿಸಬೇಕಾದರೆ ಹೊರಗಿನಿಂದ ಕೊಂಡದ್ದಕ್ಕಿಂತ ಹೆಚ್ಚು ಮಾರಲೇಬೇಕು; ಆದ್ದರಿಂದ ಆಮದಿನ ಮೇಲೆ ಸುಂಕ, ರಫ್ತಿಗೆ ಪ್ರೋತ್ಸಾಹ, ಆಯ್ದ ಕಂಪನಿಗಳಿಗೆ ಏಕಸ್ವಾಮ್ಯ. ಚಿನ್ನ ಒಳಹರಿದಷ್ಟೂ ಬೆಲೆಗಳು ಏರಿ, ರಫ್ತು ತಗ್ಗಿ, ಅದೇ ಚಿನ್ನ ಮತ್ತೆ ಹೊರಹರಿಯುತ್ತದೆ ಎಂದು ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1752ರಲ್ಲಿ ತೋರಿಸಿದ ಮೇಲೆ ಈ ಲೆಕ್ಕಾಚಾರದ ಬುಡವೇ ಅಲುಗಾಡಿತು. 1776ರಲ್ಲಿ ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ದೇಶದ ಸಂಪತ್ತನ್ನು ಖಜಾನೆಯಲ್ಲಿ ಹುಡುಕದೆ, ಜನರ ಶ್ರಮ ವರ್ಷ ವರ್ಷ ಹುಟ್ಟಿಸುವ ವಸ್ತುಗಳಲ್ಲಿ ಕಂಡರು. ಬಂಡವಾಳಶಾಹಿಯ ಪರವಾದ ವಾದಗಳು ಬಹುಪಾಲು ಈ ನೆಲೆಯಿಂದಲೇ ಬೆಳೆದವು.

ಇನ್ನು ಎರಡನೆಯ ಹೆಜ್ಜೆ: ಇವೆರಡೂ ಒಂದೇ ಜಾತಿಯ ವಿಷಯಗಳಲ್ಲ ಎಂಬುದನ್ನು ಗಮನಿಸಿ. ವಾಣಿಜ್ಯವಾದ ಮುಖ್ಯವಾಗಿ ರಾಜ್ಯದ ನೀತಿ. ಬಂಡವಾಳಶಾಹಿಯಾದರೋ ಖಾಸಗಿ ಒಡೆತನ, ಕೂಲಿ ದುಡಿಮೆ ಮತ್ತು ಲಾಭದ ಮರುಹೂಡಿಕೆಯ ಮೇಲೆ ನಿಂತ ಉತ್ಪಾದನಾ ಕ್ರಮ. ಹಾಗಾಗಿ ಎರಡೂ ಒಟ್ಟಿಗೆ ಇರಬಲ್ಲವು. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಸರ್ಕಾರ ಕೊಟ್ಟ ಏಕಸ್ವಾಮ್ಯವೂ ಇತ್ತು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೈ ಬದಲಾಯಿಸುತ್ತಿದ್ದ ಷೇರುಗಳೂ ಇದ್ದವು.

ಮೂರನೆಯದಾಗಿ, ಒಂದೇ ಸರಕನ್ನು ಕಾಲದುದ್ದಕ್ಕೂ ಹಿಂಬಾಲಿಸಿ. ನನ್ನ ಮಟ್ಟಿಗೆ ಇದಕ್ಕಿಂತ ಫಲಕಾರಿಯಾದ ವಿಧಾನವಿಲ್ಲ. ಹತ್ತಿಬಟ್ಟೆಯನ್ನೇ ತೆಗೆದುಕೊಳ್ಳೋಣ. ಭಾರತದ ಚೀಟಿ ಬಟ್ಟೆ (ಬಣ್ಣದ ಅಚ್ಚು ಹಾಕಿದ ಹತ್ತಿಬಟ್ಟೆ) ತಮ್ಮ ಉಣ್ಣೆ, ರೇಷ್ಮೆ ನೇಯ್ಗೆಯವರ ಅನ್ನ ಕಸಿಯುತ್ತಿದೆ ಎಂಬ ಕೂಗಿಗೆ ಮಣಿದು ಬ್ರಿಟನ್ 1721ರಲ್ಲಿ ಬಹುತೇಕ ಚೀಟಿ ಬಟ್ಟೆಗಳ ಬಳಕೆಯನ್ನೇ ನಿಷೇಧಿಸಿತು. ಇದು ಅಪ್ಪಟ ವಾಣಿಜ್ಯವಾದ. 1774ರಲ್ಲಿ ಆ ನಿಷೇಧ ಹೋಯಿತು. ನೂಲುವ ಯಂತ್ರಗಳು ಬಂದು ಗಿರಣಿಗಳು ಬೆಳೆದವು. 1813ರಲ್ಲಿ ಖಾಸಗಿ ವರ್ತಕರ ಒತ್ತಾಯದಿಂದ ಬ್ರಿಟನ್ನಿನ ಈಸ್ಟ್ ಇಂಡಿಯಾ ಕಂಪನಿ ಭಾರತದೊಂದಿಗಿನ ವ್ಯಾಪಾರದ ಏಕಸ್ವಾಮ್ಯವನ್ನು ಕಳೆದುಕೊಂಡಿತು. ಇಷ್ಟನ್ನೇ ನೋಡಿದರೆ ಮುಕ್ತ ವ್ಯಾಪಾರ ಗೆದ್ದಂತೆ ಕಾಣುತ್ತದೆ. ಆದರೆ ಗಿರಣಿ ಬಟ್ಟೆ ಭಾರತಕ್ಕೆ ಸಲೀಸಾಗಿ ಹರಿದು ಬರುತ್ತಿದ್ದ ಆ ದಿನಗಳಲ್ಲೇ, ಭಾರತದ ನೇಕಾರರ ಬಟ್ಟೆ ಬ್ರಿಟನ್ನಿನಲ್ಲಿ ಭಾರೀ ಸುಂಕ ತೆರಬೇಕಾಗಿತ್ತು.