ತುಂಬು ಬಿಡಿಸುವವರ ಟೊಂಕನೋವು: ನಾನು ಅನುಸರಿಸುವ ಕ್ರಮ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಏರಿತೆಂದರೆ ಮೈ ತಿಕ್ಕಿಸಿಕೊಳ್ಳಲು ಬಂದು ನನ್ನ ಕೌದಿಯ ಮೇಲೆ ಮಲಗುವವರಲ್ಲಿ ತುಂಬು, ಅಂದರೆ ಕಾಯಿಯ ತೊಟ್ಟು, ಬಿಡಿಸುವ ಹೆಣ್ಣುಮಕ್ಕಳೇ ಹೆಚ್ಚು. “ಟೊಂಕ ಹಿಡಕೊಂಡೈತ್ರಿ, ಬೆನ್ನಾಗ ಮುಳ್ಳು ಚುಚ್ಚಿದಂಗ ಆಗ್ತೈತಿ” ಎಂದೇ ಬರುತ್ತಾರೆ. ಕಾಯಿಯ ರಾಶಿ ಎಡಕ್ಕೆ, ಬುಟ್ಟಿ ಬಲಕ್ಕೆ, ಒಂದು ಮೊಣಕಾಲು ಮೇಲೆ, ತಲೆ ಕೆಳಗೆ. ಹೀಗೆ ತಾಸುಗಟ್ಟಲೆ ಕುಳಿತರೆ ಎದೆ ಮತ್ತು ತೊಡೆಯ ಬುಡ ಕುಗ್ಗಿ ಬಿಗಿಯುತ್ತವೆ. ಬೆನ್ನಿನ ಸ್ನಾಯು ಜಗ್ಗಿಕೊಂಡೇ ದುಡಿದು ದಣಿಯುತ್ತದೆ. ದಣಿದದ್ದನ್ನೇ ತಿಕ್ಕಿದರೆ ಒಂದು ರಾತ್ರಿ ಹಿತ, ಅಷ್ಟೇ. ಅದಕ್ಕೇ ಬೆನ್ನನ್ನು ಕೊನೆಗೆ ಮುಟ್ಟುತ್ತೇನೆ.

ಎಲ್ಲಕ್ಕೂ ಮೊದಲು ಮೈಯ ಮೇಲಿನ ಖಾರ ತೆಗೆಯಬೇಕು. ಖಾರದ ಅಂಶ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಪುಡಿ ಕೂತ ಕುತ್ತಿಗೆಗೆ ನೇರ ಎಣ್ಣೆ ಹಚ್ಚಿ ತಿಕ್ಕಿದರೆ ಉರಿ ಮೈತುಂಬ ಹರಡುತ್ತದೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ನಿಜ, ಬೆವರಿದ ಚರ್ಮಕ್ಕೆ ಅಷ್ಟೇ ಸಾಕು. ಹತ್ತಿಗೆ ಕುಸುಬಿ ಎಣ್ಣೆ ಹಚ್ಚಿ ಒರೆಸಿ, ಆ ಹತ್ತಿ ಎಸೆದು, ಸಾಬೂನಿನಿಂದ ತೊಳೆಸಿ, ಒಣಗಿದ ಮೇಲೆ ಹೊಸ ಎಣ್ಣೆ. ಅದೂ ಇಡೀ ಬೆನ್ನಿಗೆ ಒಂದು ಸಣ್ಣ ಚಮಚ. ಹೆಚ್ಚಾದರೆ ಕೈ ಜಾರುತ್ತದೆ, ಒಳಪದರ ಹಿಡಿತಕ್ಕೆ ಸಿಗುವುದಿಲ್ಲ.

ನಿಲುವು ನೋಡಲು ಗೋಡೆ ಸಾಕು. ಹಿಮ್ಮಡಿ, ಕುಂಡಿ, ಬೆನ್ನು ತಾಗಿಸಿ, ಗದ್ದ ಎತ್ತದೆ ನಿಲ್ಲಿಸಿ, ತಲೆ ಮತ್ತು ಗೋಡೆಯ ನಡುವೆ ಎಷ್ಟು ಬೆರಳು ಹಿಡಿಯುತ್ತದೆಂದು ಬರೆದಿಡುತ್ತೇನೆ. ವಯಸ್ಸಾದವರ ಎತ್ತರ ಇಳಿದು ಗೂನು ಬಂದಿದ್ದರೆ ಎಲುಬು ಸವೆದಿರಬಹುದು. ಎಕ್ಸ್‌ರೇ ನೋಡದೆ ಭಾರ ಹಾಕುವುದಿಲ್ಲ. ಕಾಲಿನ ಬಲ ಕುಂದಿದ್ದರೆ, ತೊಡೆಸಂದಿ ಜೋಮು ಹಿಡಿದಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಅದು ನನ್ನ ಕೆಲಸವೇ ಅಲ್ಲ, ಅಂದೇ ಆಸ್ಪತ್ರೆಗೆ ಕಳಿಸುತ್ತೇನೆ. ಒಂದೇ ಮೀನಖಂಡ ಬಾತು ಬಿಸಿಯಾಗಿದ್ದರೂ ಹಾಗೆಯೇ: ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಬಾರದು.

ಅಂಗಾತ ಮಲಗಿಸಿ ಎದೆಯಿಂದ ಶುರು. ಎದೆಯ ದೊಡ್ಡ ಸ್ನಾಯುವಿನ ಅಡಿಯಲ್ಲಿ ಇನ್ನೊಂದು ಚಿಕ್ಕದಿದೆ. 3ರಿಂದ 5ನೇ ಪಕ್ಕೆಲುಬಿನಿಂದ ಹೊರಟು ಹೆಗಲಿನ ಮುಂದಿನ ಮೊನೆಗೆ ಅಂಟಿಕೊಂಡು, ಹೆಗಲನ್ನು ಮುಂದಕ್ಕೆ ಎಳೆಯುವುದು ಇದೇ. ಬೆರಳ ತುದಿಗಳನ್ನು ಬಗಲಿನ ಕಡೆಯಿಂದ ಪಕ್ಕೆಲುಬಿನ ಮೇಲೆಯೇ ನಿಧಾನ ಒಳಸರಿಸಿ, ಬಿಗಿ ಸಿಕ್ಕಲ್ಲಿ ಐದಾರು ಉಸಿರು ನಿಲ್ಲುತ್ತೇನೆ. ಅವಸರ ಮಾಡಿ ಬಗಲಿನ ಕುಳಿಗೆ ಒತ್ತಿದರೆ ನರ ಸಿಗುತ್ತದೆ. “ಬಟ್ಟು ಜುಮ್ ಅಂತಾವ್ರಿ” ಅಂದ ಕೂಡಲೇ ಕೈ ತೆಗೆಯಬೇಕು. ನೋವನ್ನು ಹತ್ತರ ಲೆಕ್ಕದಲ್ಲಿ ಕೇಳುತ್ತೇನೆ, ಆರು ದಾಟಿಸುವುದಿಲ್ಲ. ಅದರಾಚೆ ಸ್ನಾಯು ಸೆಟೆದು ನಮ್ಮ ಕೈಯನ್ನೇ ತಳ್ಳುತ್ತದೆ. ಜೋರಾಗಿ ಒತ್ತಿದರೇ ಗುಣ ಎಂದು ನಂಬಿದವರಿಗೆ ಇದನ್ನು ಒಪ್ಪಿಸುವುದೇ ಕಷ್ಟ.

ತೊಡೆಯ ಬುಡಕ್ಕೆ ಮಂಚದ ಅಂಚು ಬೇಕು. ಒಂದು ಮೊಣಕಾಲು ಎದೆಗೆ ಅಪ್ಪಿಸಿ, ಇನ್ನೊಂದು ಕಾಲು ಇಳಿಬಿಡಿಸುತ್ತೇನೆ. ಇಳಿಬಿಟ್ಟ ತೊಡೆಯನ್ನು ಅವರು 6 ಸೆಕೆಂಡು ಮೇಲಕ್ಕೆ ಒತ್ತುತ್ತಾರೆ, ನಾನು ತಡೆಯುತ್ತೇನೆ. ಸಡಿಲಾದ ಮೇಲೆ 20 ಸೆಕೆಂಡು ಕೆಳಕ್ಕೆ ಹಿಗ್ಗಿಸುವುದು, ಮೂರು ಸಲ. ಹೊಟ್ಟೆಯ ಮೂಲಕ ಒಳಸ್ನಾಯು ಒತ್ತುವವರಿದ್ದಾರೆ. ಅಲ್ಲಿ ದೊಡ್ಡ ರಕ್ತನಾಳ ಹಾದುಹೋಗುತ್ತದೆ, ನಾನು ಒತ್ತುವುದಿಲ್ಲ.

ಆಮೇಲೆ ಮಗ್ಗುಲಾಗಿಸಿ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವಿನ ಬಿಗಿಗೆ ಹೆಬ್ಬೆರಳಿಟ್ಟು ಸುಮಾರು 40 ಸೆಕೆಂಡು. ಪಕ್ಕೆಲುಬಿನ ತುದಿಗೆ ಒತ್ತಡ ಬೀಳಬಾರದು. ರಾಶಿ ಯಾವ ಕಡೆ ಇಟ್ಟುಕೊಳ್ಳುತ್ತಾರೋ ಕೇಳಿಕೊಂಡರೆ ಯಾವ ಮಗ್ಗುಲು ಹೆಚ್ಚು ಬಿಗಿದಿದೆ ಎಂದು ಅಂದಾಜಾಗುತ್ತದೆ. ಕೊನೆಗೆ ಬುರುಡೆಯ ಬುಡಕ್ಕೆ ಬೆರಳಿಟ್ಟು, ತಲೆಯ ಭಾರವೇ ಒತ್ತುವಂತೆ ಎರಡು ಮೂರು ನಿಮಿಷ ಸುಮ್ಮನಿರುವುದು. ಕುತ್ತಿಗೆ ಲಟಕ್ ಅನ್ನಿಸುವುದು ಮಾತ್ರ ಇಲ್ಲವೇ ಇಲ್ಲ.

ವಾರಕ್ಕೊಮ್ಮೆಯಂತೆ ನಾಲ್ಕು ಸಲ. ಗೋಡೆಯ ಅಳತೆಯಾಗಲಿ ನೋವಾಗಲಿ ಆಗಲೂ ಕದಲದಿದ್ದರೆ ಐದನೆಯದಕ್ಕೆ ಕರೆಯುವುದಿಲ್ಲ. ಕುಳಿತುಕೊಳ್ಳುವ ರೀತಿ ನೋಡುತ್ತೇನೆ, ಅಲ್ಲೂ ಸಿಗದಿದ್ದರೆ ವೈದ್ಯರಿಗೆ ಕಳಿಸುತ್ತೇನೆ. ಕುಂಡಿಯ ಕೆಳಗೆ ನಾಲ್ಕೈದು ಇಂಚಿನ ಮಣೆ ಅಥವಾ ಮಡಚಿದ ಗೋಣಿಚೀಲ ಇಟ್ಟರೆ ಸೊಂಟ ಹಿಂದಕ್ಕೆ ಕುಸಿಯುವುದು ಕಡಿಮೆ. ಕಾಯಿಯನ್ನು ಮಗ್ಗುಲಿಗಲ್ಲ, ಮುಂದೆ, ಬೋರಲು ಹಾಕಿದ ಬುಟ್ಟಿಯ ಮೇಲೆ ಮೊರದಲ್ಲಿ ಇಟ್ಟುಕೊಂಡರೆ ಕುತ್ತಿಗೆ ಅಷ್ಟು ಬಗ್ಗುವುದಿಲ್ಲ. ಕೂಲಿ ಕೆ.ಜಿ. ಲೆಕ್ಕದ್ದು, ಅರ್ಧ ತಾಸಿಗೊಮ್ಮೆ ಏಳಿ ಎಂದರೆ ಯಾರೂ ಏಳುವುದಿಲ್ಲ. ಅದಕ್ಕೆ ಗಡಿಯಾರ ಬಿಟ್ಟು ಬುಟ್ಟಿಯ ಲೆಕ್ಕ ಹೇಳುತ್ತೇನೆ: “ಅಕ್ಕಾರ, ಬುಟ್ಟಿ ತುಂಬಿದಾಗೊಮ್ಮೆ ಎದ್ದು ನಿಂತು, ಟೊಂಕಕ್ಕ ಕೈ ಕೊಟ್ಟು ಹತ್ತು ಸಲ ಹಿಂದಕ್ಕ ಬಾಗ್ರಿ, ಆಮೇಲೆ ತುಂಬಿದ್ದು ಸುರುವಿ ಬರ್ರಿ.”